ಬೋರ್ಡಿನ ಕೊನೆಯಲ್ಲೊಂದು ಓನ್ಲಿ

ಜೇವರ್ಗಿಯಲ್ಲಿ ಗೌಸಮೊಹಿದ್ದೀನನ ಮನೆ ಎಲ್ಲಿ ಎಂದು ಕೇಳಿದರೆ ಜನ ನಾಲ್ಕು ದಿಕ್ಕಿಗೆ ಕೈ ತೋರಿಸುತ್ತಾರೆ. ಇಂಗ್ಲಿಷ್ ಪೇಂಟರ್ ಎಲ್ಲಿ ಎಂದು ಕೇಳಿದರೆ ಒಂದೇ ದಿಕ್ಕು. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಒಂದು ತಗಡಿನ ಬಾಗಿಲು. ಆ ಬಾಗಿಲ ತುಂಬ, ನಲವತ್ತು ವರ್ಷ ಬ್ರಷ್ ಒರೆಸಿ ಒರೆಸಿ ಹೆಪ್ಪುಗಟ್ಟಿದ ಬಣ್ಣ. ಬಿಸಿಲಿಗೆ ಅದು ಮೆತ್ತಗಾದಾಗ ಗಲ್ಲಿಯ ಮಕ್ಕಳು ಉಗುರಿನಿಂದ ಕೆದರಿ, ಕೆಂಪಿನ ಕೆಳಗೆ ಹಸಿರು, ಹಸಿರಿನ ಕೆಳಗೆ ನೀಲಿ ಎಂದು ಪದರ ಎಣಿಸುತ್ತವೆ.

ಅವನಿಗೆ ಈಗ ಅರವತ್ತೊಂದು. ಊರಿನ ಕನ್ನಡ ಬೋರ್ಡುಗಳೆಲ್ಲ ಫ್ಲೆಕ್ಸ್ ಅಂಗಡಿಗೆ ಹೋಗಿ ಹತ್ತು ವರ್ಷವಾಯಿತು. ಆದರೂ ದವಾಖಾನೆಯವರು, ಶಾಲೆಯವರು, ಲಾಡ್ಜಿನವರು ಇಂಗ್ಲಿಷಿನಲ್ಲಿ ಏನಾದರೂ ಬರೆಸಬೇಕಾದರೆ ಇವನ ಬಾಗಿಲಿಗೇ ಬರುತ್ತಾರೆ. 'ಫ್ಲೆಕ್ಸ್ ಹುಡುಗರು ಒಂದಕ್ಷರ ನುಂಗ್ತಾರ, ಒಂದಕ್ಷರ ಉಗುಳ್ತಾರ. ಪೇಂಟರ್ ಸಾಹೇಬ್ರು ಹಂಗಲ್ಲ, ಇಂಗ್ಲಿಷ್ ಬಲ್ಲವರು' ಎಂಬ ಮಾತು ಊರಿನಲ್ಲಿ ನಿಂತುಬಿಟ್ಟಿದೆ. ಇಷ್ಟು ವರ್ಷಗಳಲ್ಲಿ ಅವನ ಕೈಯಿಂದ ಒಂದು ಅಕ್ಷರವೂ ತಪ್ಪಿಲ್ಲವೆಂಬುದು ನಿಜ. ಯಾಕೆ ತಪ್ಪಿಲ್ಲವೆಂಬುದು ಅವನಿಗೂ ಅವನ ಹೆಂಡತಿ ಹುಸೇನಬೀಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅವನಿಗೆ ಇಂಗ್ಲಿಷ್ ಬರುವುದಿಲ್ಲ. ಓದಲು ಬಾರದವನು ಊಹಿಸಲು ಹೋಗುವುದಿಲ್ಲ; ಚೀಟಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ತಗಡಿಗೆ ಇಳಿಸುತ್ತಾನೆ. ಎಡವುವುದು ಓದು ಬಲ್ಲವನೇ.

ಅವನು ಹುಟ್ಟಿದ್ದು ಆಳಂದದಲ್ಲಿ. ತಂದೆ ಜಹೀರುದ್ದೀನ ಟಪಾಲು ಕಚೇರಿಯ ಎದುರಿಗೆ ಚಾಪೆ ಹಾಸಿಕೊಂಡು ಜನರ ಕಾಗದ ಬರೆದುಕೊಡುತ್ತಿದ್ದ. ಮುಂಬೈಗೆ ದುಡಿಯಲು ಹೋದ ಗಂಡಂದಿರಿಗೆ, ಸೊಲ್ಲಾಪುರದ ಗಿರಣಿಯಲ್ಲಿದ್ದ ಅಣ್ಣತಮ್ಮಂದಿರಿಗೆ. ಅಳು, ಜಗಳ, ಬೈಗುಳ ಏನೇ ಇರಲಿ, ಉರ್ದುವಿನಲ್ಲಿ ಬರೆದು ಮುಗಿಸಿ ಕೊನೆಗೆ ಒಂದು ಮಾತು ಬರೆದು ಅದರ ಕೆಳಗೆ ಗೆರೆ ಎಳೆಯುತ್ತಿದ್ದ: ಫಕ್ತ.

'ಅಬ್ಬಾ, ಇದು ಯಾರು ಹೇಳಿದ ಮಾತು?' ಎಂದು ಮಗ ಒಮ್ಮೆ ಕೇಳಿದ.

'ಯಾರೂ ಹೇಳಿದ್ದಲ್ಲ ಬೇಟಾ. ಇಷ್ಟೇ, ಇನ್ನ ಮಾತಿಲ್ಲ ಅಂತ. ಮಂದಿ ಮನಿಗೆ ಹೋದಾವ ಹೇಳದ ಕೇಳದ ಎದ್ದು ಬರ್ತಾನೇನು? ಕಾಗದದಾಗೂ ಎದ್ದು ಹೋಗೂ ಮುಂದ ಒಂದು ಸಲಾಮು ಹಾಕಬೇಕು.'

ಅಂದಿನಿಂದ ಫಕ್ತ ಇಲ್ಲದ ಕಾಗದ ಹುಡುಗನ ಕಣ್ಣಿಗೆ ಟೋಪಿ ಇಲ್ಲದ ತಲೆಯಂತೆ ಕಾಣತೊಡಗಿತು.

ಹದಿನಾರಕ್ಕೆ ಅವನು ಅಫಜಲಪುರಕ್ಕೆ ಹೋಗಿ ಬೋರ್ಡು ಬರೆಯುವ ಚಂದ್ರಾಮಪ್ಪನ ಕೈಕೆಳಗೆ ಸೇರಿದ. ಚಂದ್ರಾಮಪ್ಪನ ವಿದ್ಯೆ ಎರಡೇ ಪಾಠದ್ದು. ಮೊದಲನೆಯದು, 'ಓದಬ್ಯಾಡಲೇ, ನೋಡು.' ಇಂಗ್ಲಿಷ್ ಚೀಟಿಯನ್ನು ಬೇಕೆಂದೇ ತಲೆಕೆಳಗಾಗಿ ಹಿಡಿಸಿ ಬರೆಸುತ್ತಿದ್ದ. ಆಗ ಅಕ್ಷರ ಅಕ್ಷರವಾಗಿ ಉಳಿಯದೆ ಗೂಟ, ಬಳೆ, ಕುಡುಗೋಲು ಆಗುತ್ತಿತ್ತು. ಎರಡನೆಯದು, 'ಬೋರ್ಡಿನ ಬಾಲ ಮೊದಲು ಹಿಡಿ.' ಎಡದಿಂದ ಬರೆಯುತ್ತ ಹೋದರೆ ಕೊನೆಯ ಮಾತಿಗೆ ಜಾಗ ಸಾಲದೆ, ಅಕ್ಷರಗಳು ಅಮಾವಾಸ್ಯೆ ದಿನದ ಬಸ್ಸಿನ ಮಂದಿಯ ಹಾಗೆ ಒಂದರ ಮೈಮೇಲೊಂದು ಬೀಳುತ್ತವೆ. ಅದಕ್ಕೇ ಕೊನೆಯ ಮಾತು ಮೊದಲು ಬರೆದು, ಹಿಂದೆ ಹಿಂದೆ ಬರಬೇಕು. ಉರ್ದು ಕಲಿತಿದ್ದ ಗೌಸಮೊಹಿದ್ದೀನನಿಗೆ ಬಲದಿಂದ ಎಡಕ್ಕೆ ಬರುವುದೆಂದರೆ ಕೆಲಸ ಮುಗಿಸಿ ಮನೆಗೆ ಬಂದಷ್ಟು ಸಲೀಸು.

ಹೀಗೆ ಬಾಲ ಹಿಡಿದು ಹೊರಟವನ ಕೈಗೆ ಒಂದು ಮಾತು ಮತ್ತೆ ಮತ್ತೆ ಸಿಗತೊಡಗಿತು. ಲೇಡೀಸ್ ಎಂದ ಮೇಲೆ ಅದು. ಸ್ಟಾಫ್ ಎಂದ ಮೇಲೆ ಅದು. ಡಾಕ್ಟರು ಗಾಡಿ ನಿಲ್ಲಿಸುವ ಜಾಗದ ಗೋಡೆಯ ಮೇಲೆ ಅದು. ನಾಲ್ಕೇ ಅಕ್ಷರ. ಮೊದಲನೆಯದು ಗಡಿಗೆಯ ಬಾಯಿ. ಎರಡನೆಯದು ಎರಡು ಗೂಟದ ನಡುವೆ ಓರೆಯಾಗಿ ಬಿಗಿದ ಹಗ್ಗ. ಮೂರನೆಯದು ಗೋಡೆಗೆ ಒರಗಿ ಕಾಲು ಚಾಚಿದ ಮುದುಕಿ. ನಾಲ್ಕನೆಯದು ಬೇವಿನ ಕವಲು. ಬರೆಸಲು ಬಂದವರ ಬಾಯಿಂದ ಅದರ ಸದ್ದು ಕಲಿತ: ಓನ್ಲಿ.

ಎಲ್ಲ ಬೋರ್ಡಿನ ಕೊನೆಯಲ್ಲಿ ಬಂದು ನಿಲ್ಲುವ ಮಾತು ಇನ್ನೇನಾಗಿರಲು ಸಾಧ್ಯ? ಇದು ಇಂಗ್ಲಿಷಿನ ಸಲಾಮು ಎಂದು ಅವನು ತೀರ್ಮಾನಿಸಿದ. ಲೇಡೀಸ್ ಎಂದು ಬರೆದ ಮೇಲೆ ಗಂಡಸರು ಹೇಗೂ ಅಲ್ಲಿ ಕೂಡುವುದಿಲ್ಲ. ಓನ್ಲಿ ಎನ್ನುವುದು ಬರೀ ಮರ್ಯಾದೆಗೆ. ಲಾಡ್ಜಿನವನ ಚೀಟಿಯಲ್ಲಿ ಒಮ್ಮೆ ಅದು ವೆಜ್ ಎಂಬುದಕ್ಕಿಂತ ಮುಂಚೆಯೇ ಬಂದಿತ್ತು. ಆಗ ಸ್ವಲ್ಪ ತಬ್ಬಿಬ್ಬಾದ. ಆಮೇಲೆ, ಬರುವಾಗಲೂ ಸಲಾಮು ಹಾಕುವವರಿದ್ದಾರಲ್ಲ ಎಂದು ಸಮಾಧಾನ ಮಾಡಿಕೊಂಡ. ಅವನ ಈ ನಂಬಿಕೆಗೆ ಗಟ್ಟಿ ಸಾಕ್ಷಿ ಎಂದರೆ ಬಸ್ ಕಂಡಕ್ಟರ್ ಶಾಹಿದ. ಅವನ ಬಾಯಲ್ಲಿ ಓನ್ಲಿ ಇಲ್ಲದೆ ಮಾತೇ ಮುಗಿಯುತ್ತಿರಲಿಲ್ಲ. 'ಬರಾಕತ್ತೇನಿ ಓನ್ಲಿ', 'ನಾವು ಇಲ್ಲೇ ಓನ್ಲಿ', 'ಚಹಾ ಕುಡದು ಬಂದೆ ಓನ್ಲಿ ಚಾಚಾ'. ಇಂಗ್ಲಿಷ್ ಪೇಂಟರ್ ಎಂಬ ಹೆಸರನ್ನು ಇಟ್ಟವನೂ, ಮೂರು ತಾಲೂಕಿನ ಬಸ್ಸುಗಳಲ್ಲಿ ಅದನ್ನು ಹೊತ್ತು ಹಂಚಿದವನೂ ಇವನೇ.

ಹಾಗಾಗಿ, ಕೊಟ್ಟ ಚೀಟಿಯ ಕೊನೆಯಲ್ಲಿ ಆ ಮಾತು ಇಲ್ಲದಿದ್ದರೆ, ಬಂದವರು ಮರೆತಿರಬೇಕೆಂದು ಗೌಸಮೊಹಿದ್ದೀನ ತಾನೇ ಅಲ್ಲೊಂದು ಇಲ್ಲೊಂದು ಬೋರ್ಡಿಗೆ ಸೇರಿಸಿಬಿಡುತ್ತಿದ್ದ. ಯಾರೂ ಏನೂ ಅಂದದ್ದಿಲ್ಲ. ಆದರೂ ಒಳಗೆಲ್ಲೋ ಒಂದು ಇರುವೆ ಹರಿಯುತ್ತಿತ್ತು. 'ಓನ್ಲಿ ದಪ್ಪ ಬರೀಲ್ಯಾ, ಸಣ್ಣಗ ಬರೀಲ್ಯಾ ಸರ?' ಎಂದು ಬಳಸಿಕೊಂಡು ಕೇಳುತ್ತಿದ್ದ. ಒಬ್ಬ ಹೆಡ್‌ಮಾಸ್ತರ 'ಅದಽ ಮುಖ್ಯ ಮಾರಾಯಾ, ದಪ್ಪಗ ಹೊಡಿ' ಎಂದ. ಸಲಾಮು ಅಷ್ಟು ಮುಖ್ಯ ಹೇಗಾಯಿತು? ಆ ದಿನ ಪೂರ್ತಿ ಅವನು ಬ್ರಷ್ ತೊಳೆಯುತ್ತ ಅದನ್ನೇ ಯೋಚಿಸಿದ.

'ಹೋಗಿ ಕೇಳಿಬಿಡ್ರಲ್ಲ ಯಾರನ್ನರ,' ಎನ್ನುತ್ತಿದ್ದಳು ಹುಸೇನಬೀ. 'ಒಂದು ಮಾತು ಕೇಳಿದ್ರ ಗಡ್ಡ ಉದುರ್ತದೇನು?'

'ಗಡ್ಡ ಅಲ್ಲ ಬೇ. ಹೆಸರು ಉದುರ್ತದ. ಆ ಹೆಸರಿನಿಂದಽ ಈ ಮನ್ಯಾಗ ಒಲಿ ಉರ್ಯಾಕತ್ತದ.'

ಮಾತು ಅಲ್ಲಿಗೆ ನಿಲ್ಲುತ್ತಿತ್ತು.

ಈ ವರ್ಷ ಯುಗಾದಿಯೂ ರಂಜಾನ್ ಹಬ್ಬವೂ ಒಂದೇ ವಾರದಲ್ಲಿ ಬಂದವು. ಅದಕ್ಕೆ ನಾಲ್ಕು ದಿನ ಮುಂಚೆ ನೆಲೋಗಿಯಿಂದ ಸುಭದ್ರಾಬಾಯಿ ಅಂಗಡಿಗೆ ಬಂದಳು. ಐವತ್ತೈದರ ಹೆಣ್ಣುಮಗಳು. ಕೊರಳಲ್ಲಿ ಲಿಂಗದ ಕರಡಿಗೆ, ಕೈಯಲ್ಲಿ ನಾಲ್ಕು ಮಡಿಕೆಯ ಚೀಟಿ. ಗಂಡ ಹಣಮಂತರಾಯ ಹೋದ ವರ್ಷ ತೀರಿಕೊಂಡಿದ್ದ.

'ನೆಲೋಗಿ ಕ್ರಾಸಿನ್ಯಾಗ ಬಸ್ಸು ಕಾಯೂವಾಗೆಲ್ಲ ನಮ್ಮವರು ಅಂತಿದ್ರು, ಈ ಬೇವಿನ ಗಿಡದ ಕೆಳಗ ಎರಡು ಹರವಿ ನೀರು ಇದ್ರ ಎಷ್ಟು ಚಲೋ ಇತ್ತಲ್ಲ ಅಂತ,' ಎಂದಳು. 'ಅವರಿದ್ದಾಗ ಇಡಲಿಲ್ಲ. ಈಗ ಅರವಟಿಗಿ ಇಡ್ತೇನಿ. ಯುಗಾದಿಯಿಂದ ಮಿರಗದ ಮಳಿ ತನಕ. ಮುಂಜಾನಿ ತುಂಬಿಸಿದ್ದು ಸಂಜಿಗೆ ಬರಿದಾಗಬೇಕು, ಹಂಗ ಹರಕಿ ಹೊತ್ತೇನಿ. ಯಾರು ಏನು ಅಂತ ಕೇಳೂದಿಲ್ಲರಿ. ಬಾಯಿ ಒಣಗಿದವರೆಲ್ಲ ಒಂದಽ ಕುಲ.'

ಚೀಟಿಯಲ್ಲಿ ಒಂದೇ ಸಾಲು: ಕುಡಿಯುವ ನೀರು.

ಗೌಸಮೊಹಿದ್ದೀನ ರೋಜಾ ಇದ್ದ. ಗಂಟಲು ಒಣಗಿದವನು ನೀರಿನ ಬೋರ್ಡು ಬರೆಯುವಾಗ ಕೈಗೆ ಒಂದು ಬೇರೆ ಮಮತೆ ಬರುತ್ತದೆ. ಕನ್ನಡದ ಸಾಲು ನೀಲಿಯಲ್ಲಿ ಬರೆದ. ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ. ಆ ಹಾದಿಯಲ್ಲಿ ಹೊರಗಿನ ಲಾರಿಗಳು, ಪರಸ್ಥಳದ ಜನ ಹೋಗುತ್ತಾರೆ. ಇಂಗ್ಲಿಷೂ ಇರಲಿ ಎನಿಸಿತು. ಹಳೆಯ ಚೀಟಿಗಳನ್ನು ಚುಚ್ಚಿಟ್ಟ ತಂತಿಯಲ್ಲಿ ಹುಡುಕಿ, ಎಂದೋ ಯಾವುದೋ ಬಸ್ ನಿಲ್ದಾಣದ ನೀರಿನ ತೊಟ್ಟಿಗೆ ಬರೆದ ಸಾಲನ್ನು ನೆನಪಿನಿಂದಲೇ ಗುರುತಿಸಿ ತೆಗೆದ: ಡ್ರಿಂಕಿಂಗ್ ವಾಟರ್ ಫಾರ್ ಪ್ಯಾಸೆಂಜರ್ಸ್. ಅದರ ಕೊನೆಗೆ ಸಲಾಮು ಇರಲಿಲ್ಲ. ಗಂಡನ ನೆನಪಿನ ಹರಕೆಯ ಬೋರ್ಡು ಹಾಗೆ ಬೋಳಾಗಿ ಮುಗಿಯಬಾರದು. ಬಾಲದಿಂದಲೇ ಶುರು ಮಾಡಿದ. ಕೆಂಪು ಬಣ್ಣದಲ್ಲಿ, ಮಿಕ್ಕ ಅಕ್ಷರಗಳಿಗಿಂತ ಎರಡು ಬೆರಳು ಎತ್ತರಕ್ಕೆ, ಮೊದಲು ಓನ್ಲಿ. ಅದರ ಕೆಳಗೆ ತಂದೆ ಎಳೆಯುತ್ತಿದ್ದಂಥ ಒಂದು ಗೆರೆ.

'ಬಣ್ಣ ಪೂರಾ ಒಣಗಲಿ ಅವ್ವಾರ, ಅವಸರ ಮಾಡಿ ತೂಗಹಾಕಬ್ಯಾಡ್ರಿ,' ಎಂದು ಹೇಳಿ ಕಳಿಸಿದ.

ಹಬ್ಬಗಳು ಮುಗಿದು ಹತ್ತು ದಿನಕ್ಕೆ ಸುಭದ್ರಾಬಾಯಿ ಮತ್ತೆ ಬಂದಳು. ಕೂಡ್ರಿ ಎಂದರೂ ಕೂಡಲಿಲ್ಲ.

'ಪೇಂಟರ್ ಅಣ್ಣಾ, ಆ ತಗಡು ವಾಪಸ್ ತಗೊಂಡುಬಿಡ್ರಿ. ಚಲೋ ತಗಡು, ಹಿಂಬದಿಗೆ ಮತ್ತ್ಯಾರಿಗರ ಏನರ ಬರದುಕೊಡ್ರಿ. ಬರೋ ಶನಿವಾರ ಹರವಿ ಎತ್ತಿಬಿಡ್ತೇನಿ.'

'ಯಾಕ್ರಿ ಅವ್ವಾರ?'

'ನೀರು ಯಾರೂ ಕುಡಿಯಾಕತ್ತಿಲ್ಲ. ಮೊದಲ ಎರಡು ದಿನ ನನ್ನ ಸೊಸಿ ಕುಂತಿದ್ಳು. ಮಧ್ಯಾಹ್ನದೊಳಗ ಎರಡೂ ಹರವಿ ಬರಿದು. ಮೂರನೇ ದಿನದಿಂದ ನಾ ಕುಂತೇನಿ. ಅವತ್ತಿನಿಂದ ತುಂಬಿದ್ದು ತುಂಬಿದಂಗಽ. ಸಂಜಿಗೆ ಬೇವಿನ ಬುಡಕ್ಕ ಸುರವಿ ಬರ್ತೇನಿ.' ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. 'ಗಂಡ ಸತ್ತಾಕಿ ಕೈಯಾನ ನೀರು ಅಂತ ಮನಸ್ಸಿನ್ಯಾಗ ಹಿಡಿದಾರ ಜನ. ಬಾಯಿ ಬಿಟ್ಟು ಅಂದಿದ್ರ ಉತ್ತರಾನರ ಕೊಡ್ತಿದ್ದೆ. ಯಾರೂ ಅನ್ನೂದಿಲ್ಲ. ಬರ್ತಾರ, ನೋಡ್ತಾರ, ಹೋಗ್ತಾರ.'

ಗೌಸಮೊಹಿದ್ದೀನ ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟ. ಏನಾದರೂ ಕೇಳಬೇಕಲ್ಲ ಎಂದು ಕೇಳಿದ: 'ಬೋರ್ಡು ಯಾವತ್ತು ಹಾಕಿದ್ರಿ?'

'ಮೂರನೇ ದಿನಾನಽ. ಒಣಗಲಿ ಅಂತ ನೀವಽ ಹೇಳಿದ್ದಿರಲ್ಲ.'

ಒಳಗಿನ ಇರುವೆ ಆಗ ಕಚ್ಚಿತು.

ಆ ಮಧ್ಯಾಹ್ನ ಹುಸೇನಬೀ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿಟ್ಟರೂ ಅವನು ಕೈ ಹಚ್ಚಲಿಲ್ಲ. ಗಾಳಿಯಲ್ಲಿ ಬೆರಳಿನಿಂದ ಬರೆಯುತ್ತಿದ್ದ: ಗಡಿಗೆಯ ಬಾಯಿ, ಬಿಗಿದ ಹಗ್ಗ, ಕೂತ ಮುದುಕಿ, ಬೇವಿನ ಕವಲು.

'ಕ್ಯಾ ಹುವಾ ಜೀ?' ಎಂದಳು ಆಕೆ. ನಡೆದದ್ದನ್ನೆಲ್ಲ ಕೇಳಿ ರೊಟ್ಟಿಯ ತಟ್ಟೆಯನ್ನು ಅವನತ್ತ ಸರಿಸಿದಳು. 'ಮಂದಿ ತಪ್ಪಿದ್ರ ನೀವೇನು ಮಾಡಾಕಾಗ್ತದ? ನಿಮ್ಮ ತಪ್ಪಿದ್ರ?'

'ಅದಽ ಗೊತ್ತಾಗವಲ್ದು. ಹೋಗಿ ನೋಡಿ ಬರ್ತೇನಿ.'

ಶನಿವಾರ ಮುಂಜಾನೆ ನೆಲೋಗಿ ಬಸ್ಸು ಹತ್ತಿದ. ಕೈಚೀಲದಲ್ಲಿ ಒಂದು ಸಣ್ಣ ಡಬ್ಬಿ ಬಿಳಿ ಬಣ್ಣ, ಒಂದು ಅಗಲ ಬ್ರಷ್. ಅವನ್ನು ಯಾಕೆ ಇಟ್ಟುಕೊಂಡೆ ಎಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

'ಏನ್ ಪೇಂಟರ್ ಚಾಚಾ, ನೆಲೋಗಿ ಮಂದಿಗೆ ಇಂಗ್ಲಿಷ್ ಕಲಿಸಾಕ ಹೊಂಟೀರೇನು?' ಶಾಹಿದ ಟಿಕೇಟು ಹರಿಯುತ್ತ ಇಡೀ ಬಸ್ಸಿಗೆ ಕೇಳುವಂತೆ ಕೂಗಿದ. 'ಒಂದಽ ಟಿಕೇಟ್ ಓನ್ಲಿ?'

'ಒಂದಽ ಅಪ್ಪಾ,' ಎಂದ ಗೌಸಮೊಹಿದ್ದೀನ. ಇವತ್ತು ಆ ಓನ್ಲಿ ಕಿವಿಗೆ ಹಿತವಾಗಿ ಕೇಳಲಿಲ್ಲ.

ಕ್ರಾಸಿನಲ್ಲಿ ಬೇವಿನ ಮರದ ಕೆಳಗೆ ಒದ್ದೆ ಬಟ್ಟೆ ಸುತ್ತಿದ ಎರಡು ಹರವಿ, ಪಕ್ಕದಲ್ಲಿ ತಂಬಿಗೆ ಹಿಡಿದು ಕೂತ ಸುಭದ್ರಾಬಾಯಿ, ಮೇಲೆ ಟೊಂಗೆಗೆ ತೂಗಹಾಕಿದ ಅವನ ಬೋರ್ಡು. ಇಷ್ಟು ದೂರದಿಂದಲೂ ಎದ್ದು ಕಾಣುತ್ತಿದ್ದದ್ದು ಆ ಕೆಂಪು ಮಾತೇ.

'ತಗಡು ಒಯ್ಯಾಕ ಬಂದ್ರೇನು?'

'ಇರಲಿ ಅವ್ವಾರ. ಸ್ವಲ್ಪ ಅಲ್ಲಿ ನೆಳ್ಳಿಗೆ ಕುಂತು ನೋಡ್ತೇನಿ.'

ರಸ್ತೆಯ ಈಚೆಗೆ ಬಸ್ ಕಾಯುವ ತಂಗುದಾಣದ ಕಟ್ಟೆಯ ಮೇಲೆ ಕೂತ. ಹತ್ತಿ ಕಟ್ಟಿಗೆ ಕೀಳುವ ಕೆಲಸ ಮುಗಿಸಿ ಐದಾರು ಹೆಣ್ಣುಮಕ್ಕಳು ತಲೆಯ ಮೇಲೆ ಹೊರೆ ಹೊತ್ತು ಬಂದರು. ಹರವಿಯ ಹತ್ತಿರ ಅವರ ಹೆಜ್ಜೆ ನಿಧಾನವಾಯಿತು. ಒಬ್ಬಳು ತುಟಿ ನೆಕ್ಕಿಕೊಂಡಳು. ಮತ್ತೊಬ್ಬಳು ಕಣ್ಣಿನಿಂದಲೇ ಬೋರ್ಡು ತೋರಿಸಿದಳು. ಹೊರೆಗಳು ಮುಂದೆ ಹೋದವು. ಸುಭದ್ರಾಬಾಯಿ ಚಾಚಿದ ತಂಬಿಗೆಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು. ಆ ಹೆಣ್ಣುಮಕ್ಕಳು ಆಕೆಯ ಮುಖವನ್ನು ನೋಡಿರಲೇ ಇಲ್ಲ. ಗೌಸಮೊಹಿದ್ದೀನ ಅದನ್ನು ಕಂಡ, ಆಕೆ ಕಂಡಿರಲಿಲ್ಲ.

ಅಷ್ಟರಲ್ಲಿ ಮುಂಜಾನೆಯ ಶಾಲೆ ಬಿಟ್ಟಿತು. ಏಳನೆಯ ತರಗತಿಯ ಒಬ್ಬ ಹುಡುಗಿ, ಐಶ್ವರ್ಯಾ, ಎರಡು ಜಡೆ, ಎದೆಗವಚಿದ ಚೀಲ, ಗೆಳತಿಯರನ್ನು ಹಿಂದೆ ಹಾಕಿಕೊಂಡು ಬಂದು ಕಟ್ಟೆಯ ಮೇಲೆ ಇವನ ಪಕ್ಕದಲ್ಲೇ ಕೂತಳು. ಮುಖವೆಲ್ಲ ಕೆಂಪಾಗಿತ್ತು.

'ಇಷ್ಟು ಬಿಸಿಲಾಗ ಬಂದೀದಿ, ಅಲ್ಲಿ ನೀರು ಕುಡಿಯಂಗಿಲ್ಲೇನು ಯವ್ವಾ?' ಎಂದು ಕೇಳಿದ.

'ಅದು ನಮಗಲ್ಲ ಮುತ್ಯಾ. ಬೋರ್ಡಿನ್ಯಾಗ ಬರದಾರ.'

'ಏನಂತ ಬರದಾರ?'

ಹುಡುಗಿ ಅವನನ್ನು ಕನಿಕರದಿಂದ ನೋಡಿದಳು. 'ನಿನಗ ಓದಾಕ ಬರೂದಿಲ್ಲೇನು?'

ನಲವತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಅವನು ಸುತ್ತ ನೋಡಿದ. ಜೇವರ್ಗಿಯವರು ಯಾರೂ ಇರಲಿಲ್ಲ.

'ಇಂಗ್ಲಿಷ್ ಬರೂದಿಲ್ಲ ಯವ್ವಾ,' ಎಂದ. ಹೇಳಿದ ಮೇಲೂ ಬೇವಿನ ಎಲೆಗಳು ಮೊದಲಿನ ಹಾಗೆಯೇ ಅಲ್ಲಾಡುತ್ತಿದ್ದವು.

'ಪ್ಯಾಸೆಂಜರ್ಸ್ ಅಂದ್ರ ಬಸ್ಸಿನ್ಯಾಗ ಹೋಗವರು. ಓನ್ಲಿ ಅಂದ್ರ ಅವರಿಗಷ್ಟಽ. ಉಳಿದವರು ಮುಟ್ಟಬಾರ್ದು. ಮೊದಲು ನಮಗೂ ಗೊತ್ತಿಲ್ಲದ ಕುಡದಿದ್ವಿ. ಬೋರ್ಡು ಬಂದ ಮ್ಯಾಲ ನಾನಽ ಎಲ್ಲಾರಿಗೂ ಓದಿ ಹೇಳೇನಿ. ಕೂಲಿ ಹೆಣ್ಮಕ್ಕಳಿಗೂ ಹೇಳೇನಿ.' ಅವಳ ದನಿಯಲ್ಲಿ ಹೆಮ್ಮೆ ಇತ್ತು.

'ಅದು… ಸಲಾಮು ಅಲ್ಲೇನು? ಬರದು ಮುಗಿಸೂ ಮುಂದ ಹಾಕೂ ಮಾತು?'

'ಎಂಥಾ ಸಲಾಮು! ಬಾಗಲಾ ಹಾಕೂ ಮಾತು ಅದು. ಒಬ್ಬರನ್ನ ಒಳಗ ಬಿಟ್ಟು ಉಳಿದವರಿಗೆಲ್ಲ ಬಾಗಲಾ ಹಾಕ್ತದ. ಬಸ್ಸಿಗೆ ಹೋಗವರು ಬಾಟ್ಲಿ ತಂದಿರ್ತಾರ. ಯಾರು ಬರದಾರೋ ಏನೋ, ತಲಿ ಇಲ್ಲ ಅವರಿಗೆ.'

ಅವನ ಕಿವಿ ಬಿಸಿಯಾಯಿತು. ಆದರೂ ಬಾಯಿ ಸುಮ್ಮನಿರಲಿಲ್ಲ. 'ಯಾವಾಗ್ಲೂ ಬಾಗಲಾನಽ ಹಾಕ್ತದೇನು ಅದು?'

ಐಶ್ವರ್ಯಾ ಯೋಚಿಸಿದಳು. 'ಇಲ್ಲ. ನಂಗ ಒಬ್ಬಾಕೇ ತಂಗಿ ಅನ್ನಬೇಕಾದ್ರೂ ಓನ್ಲಿ ಅಂತಾರ. ನಿನ್ನೇನಽ ಬಂದೆ ಅನ್ನಾಕೂ ಓನ್ಲಿ. ಅಂಜಬ್ಯಾಡ, ಅದು ಬರೇ ಬೆಕ್ಕು ಅನ್ನಾಕೂ ಓನ್ಲಿ.'

'ಬೆಕ್ಕಿಗೂ ಓನ್ಲಿ?'

'ಹ್ಞೂಂ. ಹುಲಿ ಅಲ್ಲ, ಬರೇ ಬೆಕ್ಕು ಅಂತ. ಆಗ ಅಂಜಿಕಿ ಸಣ್ಣದಾಗ್ತದ.'

ಒಬ್ಬಳೇ ತಂಗಿಯನ್ನು ಅದು ದೊಡ್ಡವಳನ್ನಾಗಿ ಮಾಡುತ್ತದೆ. ಬೆಕ್ಕನ್ನು ಸಣ್ಣದು ಮಾಡುತ್ತದೆ. ಕಳೆದ ನಿನ್ನೆಯನ್ನು ಹತ್ತಿರ ಎಳೆದು ತರುತ್ತದೆ. ನೀರಿನ ಮೇಲೆ ಕೂತರೆ ಬಾಗಿಲು ಹಾಕುತ್ತದೆ. ಇಷ್ಟೊಂದು ಕೆಲಸ ಮಾಡುವ ಮಾತನ್ನು ನಲವತ್ತು ವರ್ಷ ಬೋರ್ಡಿನ ಕೊನೆಯಲ್ಲಿ ಸುಮ್ಮನೆ ನಿಲ್ಲಿಸಿದ್ದೆನಲ್ಲ ಎಂದು ಅವನಿಗೆ ಒಂದು ಕ್ಷಣ ನಗು ಬಂತು. ನಗು ಬಂದದ್ದು ಎದುರಿಗೆ ನೋಡಿದಾಗ ಹೋಯಿತು. ಸುಭದ್ರಾಬಾಯಿ ಎರಡೂ ಅಂಗೈಯನ್ನು ಸೆರಗಿಗೆ ಒರೆಸಿಕೊಂಡು, ತಿರುಗಿಸಿ, ಮತ್ತೆ ಒರೆಸಿಕೊಳ್ಳುತ್ತಿದ್ದಳು.

ಅವನು ಚೀಲ ಎತ್ತಿಕೊಂಡು ರಸ್ತೆ ದಾಟಿದ. ಡಬ್ಬಿಯ ಮುಚ್ಚಳ ತೆಗೆದು, ಬ್ರಷ್ ಅದ್ದಿ, ಬೋರ್ಡಿನ ಬಾಲದ ಮೇಲೆ ಬಿಳಿ ಬಣ್ಣ ಎಳೆದ. ಮೊದಲು ಕವಲು ಹೋಯಿತು, ಆಮೇಲೆ ಮುದುಕಿ, ಹಗ್ಗ, ಗಡಿಗೆಯ ಬಾಯಿ. ಎರಡು ನಿಮಿಷದ ಕೆಲಸ.

'ಏನು ಮಾಡಾಕತ್ತೀರಿ ಅಣ್ಣಾ?' ಎಂದು ಸುಭದ್ರಾಬಾಯಿ ಎದ್ದಳು.

'ಮುತ್ಯಾ, ಮಂದಿ ಬೋರ್ಡು ಅಳಸಬಾರ್ದು!' ಎಂದು ಐಶ್ವರ್ಯಾ ಓಡಿ ಬಂದಳು. ಹಿಂದೆ ಗೆಳತಿಯರು. ಮುಂದಿನ ಗಿಡದ ನೆರಳಿಗೆ ಹೊರೆ ಇಳಿಸಿ ಕೂತಿದ್ದ ಹೆಣ್ಣುಮಕ್ಕಳೂ ಇತ್ತ ತಿರುಗಿದರು. ಅದೇ ಹೊತ್ತಿಗೆ, ಊರೊಳಗೆ ಹೋಗಿದ್ದ ಶಾಹಿದನ ಬಸ್ಸು ಜೇವರ್ಗಿಗೆ ಮರಳಲು ಬಂದು ನಿಂತಿತು. ಕಿಟಕಿಗಳ ತುಂಬ ಜೇವರ್ಗಿ ಸಂತೆಗೆ ಹೊರಟ ಮುಖಗಳು.

'ಏನ್ ಪೇಂಟರ್ ಚಾಚಾ, ನೀವಽ ಬರದು ನೀವಽ ಅಳಸಾಕತ್ತೀರಿ?' ಶಾಹಿದ ಬಾಗಿಲಿಗೆ ಜೋತುಬಿದ್ದು ಕೂಗಿದ. 'ಹೊಸ ರೂಲ್ ಬಂತೇನು?'

ಹೌದು ಎಂದರೆ ಸಾಕಿತ್ತು. ಹೊಸ ರೂಲ್ ಬಂತು, ಇನ್ನು ಮೇಲೆ ಎಲ್ಲರೂ ಕುಡಿಯಬಹುದು. ಹೆಸರು ಉಳಿಯುತ್ತಿತ್ತು, ನೀರೂ ಖಾಲಿಯಾಗುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಸುಭದ್ರಾಬಾಯಿ ಇನ್ನೂ ಅಂಗೈ ಒರೆಸಿಕೊಳ್ಳುತ್ತಲೇ ಇದ್ದಳು. ಹದಿಮೂರು ದಿನ ಜನ ತನ್ನ ಕೈಗೆ ಹೇಸಿದರು ಎಂಬುದು ಯಾವ ರೂಲಿನಿಂದಲೂ ಆಕೆಯ ಒಳಗಿನಿಂದ ಹೋಗುವಂತಿರಲಿಲ್ಲ.

'ರೂಲ್ ಅಲ್ಲಪ್ಪಾ, ತಪ್ಪು,' ಎಂದ. ದನಿ ಸಣ್ಣದಾಯಿತು ಎನಿಸಿ ಇನ್ನೊಮ್ಮೆ ಜೋರಾಗಿ ಹೇಳಿದ. 'ಈ ಬೋರ್ಡು ಬರದಾವ ನಾ. ಬಸ್ಸಿನವರಿಗಷ್ಟಽ ಅಂತ ಬರದೇನಿ. ಅವ್ವಾರು ಹಂಗ ಹೇಳಿದ್ದಿಲ್ಲ, ಎಲ್ಲಾರಿಗೂ ನೀರು ಅಂತ ಹೇಳಿದ್ರು. ನಂಗ ಇಂಗ್ಲಿಷ್ ಬರೂದಿಲ್ಲ. ಒಂದಽ ಮಾತೂ ಬರೂದಿಲ್ಲ. ಚಿತ್ರ ತಗದಂಗ ತಗೀತೇನಿ. ಆ ಕೆಂಪು ಮಾತು ಮರ್ಯಾದಿಗೆ ಹಾಕೂದು ಅಂತ ತಿಳಕೊಂಡು ನಾನಽ ಹಾಕಿದೆ.'

ಬಸ್ಸಿನ ಇಂಜಿನ್ ಒಂದೇ ಮಾತಾಡುತ್ತಿತ್ತು. ಗೌಸಮೊಹಿದ್ದೀನ ಸುಭದ್ರಾಬಾಯಿಯ ಕಡೆ ತಿರುಗಿದ. 'ನಿಮ್ಮ ಕೈಯಾಗ ಏನಿಲ್ಲ ಅವ್ವಾರ. ಎಲ್ಲಾ ನನ್ನ ಕೈಯಾನ ತಪ್ಪು.'

ಆಕೆ ಸಿಟ್ಟಾದಳು. 'ಹದಿಮೂರು ದಿನ ಅಣ್ಣಾ! ಹದಿಮೂರು ದಿನ ಈ ಕೈ ತಿಕ್ಕಿ ತಿಕ್ಕಿ ತೊಳದೇನಿ. ಕನ್ನಡಿ ಮುಂದ ನಿಂತು ನನ್ನ ಮುಖಾನಽ ಬೈದೇನಿ. ನೀವು ಒಂದು ಮಾತು ಯಾರನ್ನರ ಕೇಳಿದ್ರ ಏನಾಗ್ತಿತ್ತು?'

'ಹೆಸರು ಹೋಗ್ತದ ಅಂತ ಕೇಳಲಿಲ್ಲ.'

'ಈಗ?'

'ಈಗ ಹೋತು.'

ಸುಭದ್ರಾಬಾಯಿ ಅವನನ್ನೇ ನೋಡಿದಳು. ತಂಬಿಗೆಯನ್ನು ಹರವಿಗೆ ಅದ್ದಿದಳು. 'ಕುಡೀರಿ,' ಎಂದಳು. ಅವನು ಬೊಗಸೆ ಒಡ್ಡಿದ. ಬಿಳಿ ಬಣ್ಣ ಮೆತ್ತಿದ ಬೊಗಸೆಗೆ ಆಕೆ ಎತ್ತರದಿಂದ ನೀರು ಹೊಯ್ದಳು.

ಮುಂದಿನ ಬೊಗಸೆ ಐಶ್ವರ್ಯಾಳದು. ಮುಖ ಸಪ್ಪೆ ಮಾಡಿಕೊಂಡು, 'ಎಲ್ಲಾರಿಗೂ ಹೇಳಿದಾಕಿ ನಾನಽ' ಎಂದಳು. 'ನೀ ಸರಿಯಾಗೇ ಓದಿದ್ದಿ ತಾಯಿ, ಕುಡಿ,' ಎಂದಳು ಸುಭದ್ರಾಬಾಯಿ. ಕುಡಿದವಳೇ ಹುಡುಗಿ ಕೂಲಿ ಹೆಣ್ಣುಮಕ್ಕಳ ಕಡೆ ಓಡಿದಳು. ಒಂದೊಂದೇ ಹೊರೆ ಬಿಟ್ಟು ಅವರು ಎದ್ದು ಬಂದರು. ಶಾಹಿದನೂ ಇಳಿದು ಬಂದ.

'ಚಾಚಾ, ಹಂಗಾದ್ರ ಅಫಜಲಪುರದ ಶಾದಿಮಹಲಿನ ಬಾಗಲಾಗ ವೆಲ್‌ಕಮ್ ಓನ್ಲಿ ಅಂತ ಬರದಾವರೂ ನೀವಽ ಏನು?'

'ನಾನಽ ಅಪ್ಪಾ. ಯಾಕ, ಅದರಾಗೂ ಬಾಗಲಾ ಹಾಕೇನೇನು?'

'ಬರ್ರಿ ಅಂತ ಕರೀತೇವಿ ಅಷ್ಟಽ, ಊಟ ಇಲ್ಲ ಅಂದಂಗ ಆಗ್ಯಾದಲ್ಲ ಚಾಚಾ!' ಬಸ್ಸು ಬಸ್ಸೇ ನಕ್ಕಿತು. ಸುಭದ್ರಾಬಾಯಿಯ ತಂಬಿಗೆಯೂ ಅಲುಗಿ ನೀರು ಚೆಲ್ಲಿತು.

ಅವನು ಆ ಬಸ್ಸಿಗೆ ಹತ್ತಲಿಲ್ಲ. ಬಿಳಿ ಬಣ್ಣ ಒಣಗುವವರೆಗೆ ಕಾಯುತ್ತೇನೆ ಎಂದು ಕೂತ. ಬಿಸಿಲು ಇಳಿಯುವುದಕ್ಕೂ ಮುಂಚೆ ಸುಭದ್ರಾಬಾಯಿ ಒಂದು ಹರವಿಯನ್ನು ಬೋರಲು ಹಾಕಿದಳು. ಐದು ಗಂಟೆಗೆ ಎರಡನೆಯದನ್ನು. ಬೇವಿನ ಬುಡ ಅವತ್ತು ಒಣಗಿತ್ತು.

ಸಂಜೆಯ ಬಸ್ಸಿಗೂ ಶಾಹಿದನೇ ಕಂಡಕ್ಟರ್. ಗೌಸಮೊಹಿದ್ದೀನ ಮುಂದಿನ ಸೀಟಿನಲ್ಲಿ ಕೂತ. ಶಾಹಿದ ಬಹಳ ಹೊತ್ತು ಟಿಕೇಟಿನ ಮಷೀನನ್ನೇ ನೋಡುತ್ತಿದ್ದು ಕೊನೆಗೆ ಪಕ್ಕದಲ್ಲಿ ಬಂದು ಕೂತ.

'ಊರಾಗ ಹೇಳಿಬಿಟ್ಟೇನಿ ಚಾಚಾ. ಬಾಯಿ ನಿಲ್ಲಲಿಲ್ಲ.'

'ಗೊತ್ತಿತ್ತು. ಏನಂದ್ರು?'

'ಅರ್ಧ ಮಂದಿ ನಕ್ರು. ಅರ್ಧ ಮಂದಿ ನಂಬಲಿಲ್ಲ. ಲಾಡ್ಜಿನವ ಮಾತ್ರ ಚಾಚಿ ಹಂತ್ಯಾಕ ಹೋಗಿ, ಹೊಸ ಬೋರ್ಡು ಬರಸಾಕ ಕೊಟ್ಟಿದ್ದ ತನ್ನ ಚೀಟಿ ವಾಪಸ್ ಇಸಗೊಂಡು ಹೋದ.'

ಗೌಸಮೊಹಿದ್ದೀನ ತಲೆದೂಗಿದ. ಆ ಚೀಟಿ ತಂತಿಯಲ್ಲಿ ಎಲ್ಲಿತ್ತೆಂಬುದು ಅವನಿಗೆ ನೆನಪಿತ್ತು. ಆ ಜಾಗ ಖಾಲಿಯಾಗಿರುವುದೂ ಕಣ್ಣಿಗೆ ಕಂಡಿತು. ಹೊರಗೆ ಹೊಲಗಳು ಮುಗಿದು ಗೊಬ್ಬರದಂಗಡಿ, ಪೆಟ್ರೋಲ್ ಬಂಕು, ಗೋಡೌನುಗಳು ಬರತೊಡಗಿದವು. ಎಲ್ಲದರ ಹಣೆಯ ಮೇಲೂ ಅಕ್ಷರ. ಇಷ್ಟು ವರ್ಷ ಈ ಹಾದಿಯಲ್ಲಿ ಹೋಗುವಾಗ, ಗೊತ್ತಿರುವವನ ಹಾಗೆ ಮುಖ ಮಾಡಿಕೊಂಡು, ಯಾವುದನ್ನೂ ದಿಟ್ಟಿಸಿ ನೋಡಿರಲಿಲ್ಲ. ಈಗ ಮೂಗನ್ನು ಕಿಟಕಿಯ ಸರಳಿಗೆ ಹಚ್ಚಿದ.

'ಶಾಹಿದ, ಆ ಹಳದಿ ಗ್ವಾಡಿ ಮ್ಯಾಲ ಕೊನೀಗೆ ಅದಽ ಮಾತು ಅದ ನೋಡು. ಮುಂದಿಂದು ಏನದ?'

ಶಾಹಿದ ಬಗ್ಗಿ ನೋಡಿದ. ಅಕ್ಷರ ಕೂಡಿಸಿ ಕೂಡಿಸಿ ಓದಿದ: 'ಆಥರೈಸ್ಡ್… ಪರ್ಸನ್ಸ್… ಓನ್ಲಿ.'

'ಅಂದ್ರ? ಯಾರಿಗೆ ಬಾಗಲಾ ಹಾಕ್ಯಾರ ಅದರಾಗ?'

ಶಾಹಿದ ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿದ. 'ಖರೆ ಹೇಳ್ಲ್ಯಾ ಚಾಚಾ? ಆ ಮೊದಲ್ನೇದರ ಅರ್ಥ ನಂಗೂ ಗೊತ್ತಿಲ್ಲ.'

ಇಬ್ಬರೂ ಒಂದು ಕ್ಷಣ ಒಬ್ಬರನ್ನೊಬ್ಬರು ನೋಡಿದರು. ಗೌಸಮೊಹಿದ್ದೀನ ಎದ್ದು, ಮೇಲಿನ ಸರಳು ಹಿಡಿದು, ಹಿಂದಿನ ಸೀಟಿನ ತನಕ ಕೇಳುವಂತೆ ಕೂಗಿದ:

'ಈ ಬಸ್ಸಿನ್ಯಾಗ ಯಾರಿಗರ ಇಂಗ್ಲಿಷ್ ಬರ್ತದೇನ್ರಿ? ಒಂದು ಮಾತು ಕೇಳೂದದ!'